ಬೀದರ್–ಕಲಬುರಗಿ: 87 ಕಿಲೋಮೀಟರು, ಆರುನೂರು ವರ್ಷ

ಭಾಗ 1

ಮೊದಲ ಫೋಟೋದಲ್ಲಿ ಇರೋದು ನಮ್ಮ ಕಾಕಾನ ಮೊಬೈಲಿನ ಸ್ಕ್ರೀನ್‌ಶಾಟ್. ಮನೆಯ ಗ್ರೂಪಿನಲ್ಲಿ ಯಾರೋ ಹಾಕಿದ್ದು. ಬೀದರ್ ವಿಮಾನ ನಿಲ್ದಾಣದಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ದೂರ 87 ಕಿ.ಮೀ., ಹಾರಾಟದ ಸಮಯ 37 ನಿಮಿಷ ಅಂತ ಅದರಲ್ಲಿದೆ.

ಕಾಕಾನ ಹೊಲದ ಪ್ರಕರಣವೊಂದು ಹೈಕೋರ್ಟಿನ ಕಲಬುರಗಿ ಪೀಠದಲ್ಲಿದೆ. ವಕೀಲರ ಹತ್ತಿರ ಹೋಗಿ ಕಾಗದಕ್ಕೆ ಸಹಿ ಹಾಕಿ ಬರಬೇಕಿತ್ತು. ಮಂಡಿನೋವು ಬೇರೆ. ಚಿಟಗುಪ್ಪದ ಮನೆಯ ಕಟ್ಟೆ ಮೇಲೆ ಕೂತು, ಕನ್ನಡಕ ಹಣೆಗೆ ಏರಿಸಿ, ಫೋನ್ ನನ್ನ ಮುಂದೆ ಹಿಡಿದರು. "ತಮ್ಮಾ, ಮೂವತ್ತೇಳು ನಿಮಿಷ ಅಂತ ಅದ. ಟಿಕೆಟ್ ಎಷ್ಟದ ನೋಡು."

ನಾನು ನಕ್ಕುಬಿಟ್ಟೆ. "ಕಾಕಾ, ಅಂಥ ವಿಮಾನ ಇಲ್ಲ" ಅಂದೆ.

"ಇಲ್ಲದಿದ್ದರ ಟೈಮ್ ಹ್ಯಾಂಗ್ ಬರದಾರ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕ್ತಾ ಹೋದೆ. ಹುಡುಕಿದಷ್ಟೂ ಅದು ವಿಮಾನದ ಪ್ರಶ್ನೆಯಾಗಿ ಉಳಿಯಲಿಲ್ಲ, ನಮ್ಮ ಸೀಮೆಯ ಇತಿಹಾಸದ ಪ್ರಶ್ನೆಯಾಯಿತು. ಅದನ್ನೇ ಈ ಸಲ ಕಂತುಗಳಲ್ಲಿ ಬರೀತಿದ್ದೇನೆ. ಉದ್ದ ಇದೆ, ಸಾವಕಾಶ ಓದಿ.

ಭಾಗ 2

ಎರಡನೇ ಫೋಟೋ: ನಕ್ಷೆ, ಅದರ ಮೇಲೆ ನಾನೇ ಎಳೆದ ಒಂದು ಕೆಂಪು ಗೆರೆ.

ಮೇಲಿನ ತುದಿ ಬೀದರ್ ನಿಲ್ದಾಣ. ಕೆಳಗಿನ ತುದಿ ಕಲಬುರಗಿ ನಿಲ್ದಾಣ, ಅಂದರೆ ಊರಿಂದ ಪೂರ್ವಕ್ಕೆ ಶ್ರೀನಿವಾಸ ಸರಡಗಿ ಹತ್ತಿರ. ಅಕ್ಷಾಂಶ ರೇಖಾಂಶ ಹಾಕಿ ಲೆಕ್ಕ ಮಾಡಿದರೆ ನೇರ ದೂರ ಸರಿಯಾಗಿ 87 ಕಿ.ಮೀ. ಬರ್ತದೆ. ಸ್ಕ್ರೀನ್‌ಶಾಟ್ ಸುಳ್ಳು ಹೇಳಿಲ್ಲ.

ಈಗ ಆ ಗೆರೆಯ ಮೇಲೆ ಬೆರಳಿಟ್ಟು ಬೀದರಿನಿಂದ ಕೆಳಗೆ ಬನ್ನಿ. ಮೂರನೇ ಒಂದು ಭಾಗ ದಾಟಿದ ಕೂಡಲೇ ಬಲಗಡೆ, ಆರೇಳು ಕಿ.ಮೀ. ಆಚೆ ಒಂದು ಊರು ಸಿಗ್ತದೆ. ಅದೇ ಚಿಟಗುಪ್ಪ. ವಿಮಾನ ಹಾರಿದ್ದೇ ಆದರೆ ಕಾಕಾನ ಮನೆಯ ಅಂಗಳದಿಂದ ಕಾಣುವಷ್ಟು ಸಮೀಪ. ಆದರೆ ಅದನ್ನು ಹತ್ತಬೇಕಾದರೆ ಕಾಕಾ ಮೊದಲು ಹಿಂದಕ್ಕೆ, ಬೀದರಿಗೆ ಹೋಗಬೇಕು. ಅದು ನೇರ ಗೆರೆಯಲ್ಲೇ 36 ಕಿ.ಮೀ. ಆಮೇಲೆ ತನ್ನದೇ ಊರಿನ ಪಕ್ಕದಿಂದ ಹಾರಿ ಕಲಬುರಗಿಗೆ ಇಳಿಯಬೇಕು. ಚಿಟಗುಪ್ಪದಿಂದ ಕಲಬುರಗಿ ನಿಲ್ದಾಣಕ್ಕೆ ನೇರ ದೂರ ಐವತ್ತೆರಡು ಕಿ.ಮೀ. ಅಷ್ಟೇ!

ಇನ್ನು 37 ನಿಮಿಷದ ಗುಟ್ಟು. ಇಂಥ ದೂರ-ಸಮಯದ ಪುಟಗಳು ವೇಳಾಪಟ್ಟಿ ನೋಡಿ ಬರೆದವಲ್ಲ. ಭೂಮಿಯ ಮೇಲಿನ ಯಾವುದೇ ಎರಡು ನಿಲ್ದಾಣ ಕೊಡಿ, ದೂರವನ್ನು ಗಂಟೆಗೆ ಸುಮಾರು 800 ಕಿ.ಮೀ. ವೇಗದಿಂದ ಭಾಗಿಸಿ, ಏಳೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿ ಹೇಳಿಬಿಡ್ತವೆ. 87ನ್ನು 800ರಿಂದ ಭಾಗಿಸಿದರೆ ಆರೂವರೆ ನಿಮಿಷ. ಮೇಲೆ ಮೂವತ್ತು ಸೇರಿಸಿ. ಬಂತಲ್ಲ, 37!

ಅಂದರೆ ಆ 37ರಲ್ಲಿ ಮೂವತ್ತು ನಿಮಿಷಕ್ಕೂ ನಮ್ಮ ಸೀಮೆಗೂ ಸಂಬಂಧವೇ ಇಲ್ಲ. ನಿಜವಾಗಿ ಇಷ್ಟು ಸಣ್ಣ ದಾರಿಯಲ್ಲಿ ಯಾವ ವಿಮಾನವೂ 800ರ ವೇಗ ಮುಟ್ಟೋದಿಲ್ಲ. ಮೇಲೆ ಏರಿ ನೆಟ್ಟಗಾಗುವಷ್ಟರಲ್ಲಿ ಇಳಿಯೋಕೆ ಶುರು ಮಾಡಬೇಕು. ಬೀದರಿಗೆ ಮೊದಲು ಬಂದ ಎಟಿಆರ್ 72, ರೆಕ್ಕೆಗೆ ಪಂಖ ಇರುವ ವಿಮಾನ, ಪೂರ್ತಿ ವೇಗದಲ್ಲಿ ಗಂಟೆಗೆ 500ರ ಆಸುಪಾಸು ಹೋಗುವಂಥದ್ದು. ಅದಕ್ಕೂ ಈ ದಾರಿ ಅರ್ಧ ಗಂಟೆಯ ಒಳಗಿನ ಕೆಲಸ. ನಿಲ್ದಾಣದಲ್ಲಿ ಒಂದು ಗಂಟೆ ಮೊದಲೇ ಹೋಗಿ ಚಪ್ಪಲಿ-ಬೆಲ್ಟು ಬಿಚ್ಚುವ ಹೊತ್ತು ಬೇರೆ.

ಭಾಗ 3

ಇದು ನನಗೆ ಬಲು ಇಷ್ಟದ ಕಂತು. ಫೋಟೋದಲ್ಲಿ ಎರಡು ಗುಮ್ಮಟಗಳಿವೆ ನೋಡ್ರಿ. ಎಡಗಡೆಯದು ಕಲಬುರಗಿಯ ಹಫ್ತ್ ಗುಂಬಜ್. ಬಲಗಡೆಯದು ಬೀದರ್ ಪಕ್ಕದ ಅಷ್ಟೂರು.

ಈ ಎರಡು ಸಣ್ಣ ವಿಮಾನ ನಿಲ್ದಾಣಗಳು ಯಾವ ಊರುಗಳವು ಅಂತ ಒಮ್ಮೆ ಯೋಚಿಸಿ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾ ಕಟ್ಟಿದ ರಾಜ್ಯದ ಮೊದಲ ರಾಜಧಾನಿ ಕಲಬುರಗಿ. 1422ರಿಂದ 1436ರವರೆಗೆ ಆಳಿದ ಅಹಮದ್ ಶಾ ರಾಜಧಾನಿಯನ್ನು ಬೀದರಿಗೆ ತಂದ. ಮೊದಲಿನ ಸುಲ್ತಾನರಲ್ಲಿ ಕೆಲವರು ಹಫ್ತ್ ಗುಂಬಜಿನಲ್ಲಿ ಮಲಗಿದ್ದಾರೆ, ಆಮೇಲಿನವರು ಅಷ್ಟೂರಿನಲ್ಲಿ. ಒಂದೇ ಮನೆತನದ ಗೋರಿಗಳು ಎರಡು ಊರುಗಳಲ್ಲಿ. ನಡುವೆ ನಾವು ಹೇಳ್ತಿರುವ ಅದೇ ಸೀಮೆ!

ಅಂದರೆ ಹಳೆ ರಾಜಧಾನಿಯಿಂದ ಹೊಸ ರಾಜಧಾನಿಗೆ ಖಜಾನೆ, ದಫ್ತರ, ಆನೆ, ಕುದುರೆ, ಅಡುಗೆಯವರು, ಕಲ್ಲುಕುಟಿಗರು, ಎಲ್ಲ ನಮ್ಮ ಸೀಮೆ ದಾಟಿಯೇ ಹೋಗಿದ್ದು. ಕಲಬುರಗಿಯ ಕರಿ ಎರೆಭೂಮಿ ಬಿಟ್ಟು, ಏರು ಹತ್ತಿ, ಬೀದರಿನ ಕೆಂಪು ಜಂಬಿಟ್ಟಿಗೆ ಪ್ರಸ್ಥಭೂಮಿಗೆ. ಎರಡೂ ಊರುಗಳ ನಡುವೆ ಎತ್ತರದಲ್ಲಿ ಸುಮಾರು ಇನ್ನೂರು ಮೀಟರ್ ವ್ಯತ್ಯಾಸ ಇದೆ. ಈಗಲೂ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಆಚೆ ಮಣ್ಣಿನ ಬಣ್ಣ ಬದಲಾಗೋದನ್ನು ನೋಡಬಹುದು. ನಿದ್ದೆ ಮಾಡಬ್ಯಾಡ್ರಿ ಅಷ್ಟೆ.

ಆಗ ಈ ದಾರಿಗೆ ಎಷ್ಟು ಹೊತ್ತು ಬೇಕಿತ್ತು? ಇದಕ್ಕೆ ಒಬ್ಬ ಸಾಕ್ಷಿ ಇದ್ದಾನೆ, ಅದೂ ದೂರದ ರಷ್ಯಾದವನು. ಟ್ವೆರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. ಮಾರೋಕೆ ಅಂತ ಒಂದೇ ಒಂದು ಕುದುರೆ ಹಡಗಿನಲ್ಲಿ ತಂದಿದ್ದ. ಜುನ್ನಾರಿನಲ್ಲಿ ಅದನ್ನೂ ಅಲ್ಲಿನ ಖಾನ ಕಿತ್ತುಕೊಂಡಿದ್ದ, ಕಷ್ಟಪಟ್ಟು ಬಿಡಿಸಿಕೊಂಡು ಬೀದರಿಗೆ ಬಂದು ಮಾರಿದ. ಇದು 1470ರ ಆಸುಪಾಸಿನ ಮಾತು. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬರೋಕೆ ಇನ್ನೂ ಸುಮಾರು ಮೂವತ್ತು ವರ್ಷ ಇತ್ತು.

ವ್ಯಾಪಾರಿ ಅಲ್ಲವೇ, ಊರಿಂದ ಊರಿಗೆ ದೂರ ಎಷ್ಟು ಅಂತ ಬರೆದಿಟ್ಟುಕೊಂಡ. ಅವನು ಬಳಸಿದ ಅಳತೆ 'ಕೋವ್'. ಓದಿದ ಕೂಡಲೇ ನನಗೆ ನಮ್ಮ 'ಗಾವುದ' ನೆನಪಾಯಿತು. ಒಂದು ಕೋವ್ ಅಂದರೆ ಹತ್ತು ಕಿ.ಮೀ.ಗೆ ಸ್ವಲ್ಪ ಹೆಚ್ಚು ಅಂತ ವಿದ್ವಾಂಸರು ಲೆಕ್ಕ ಹಾಕ್ತಾರೆ. ಬೀದರಿನಿಂದ ಕಲಬುರಗಿಗೆ ಅವನು ಕೊಟ್ಟ ದೂರ ಒಂಬತ್ತು ಕೋವ್. ತೊಂಬತ್ತು-ತೊಂಬತ್ತಾರು ಕಿ.ಮೀ. ಆಯಿತು. ಉಪಗ್ರಹ ಇಲ್ಲ, ನಕ್ಷೆ ಇಲ್ಲ. ನಡೆದವರನ್ನು ಕೇಳಿ ಬರೆದ ಲೆಕ್ಕ ನಮ್ಮ ಫೋನಿನ ಲೆಕ್ಕಕ್ಕೆ ಎಷ್ಟು ಹತ್ತಿರ ಬಂತು ನೋಡಿ.

ಇನ್ನೊಂದು ಮಾತನ್ನೂ ಬರೆದಿದ್ದಾನೆ. ಈ ದೊಡ್ಡ ಊರುಗಳ ನಡುವೆ ಬೇಕಾದಷ್ಟು ಊರುಗಳಿವೆ, ದಿನಕ್ಕೆ ಮೂರು ಸಿಗುತ್ತವೆ, ಕೆಲವು ದಿನ ನಾಲ್ಕು, ಎಷ್ಟು ಕೋವೋ ಅಷ್ಟು ಊರು ಅನ್ನೋ ಅರ್ಥದ ಮಾತು. ಆ ಲೆಕ್ಕ ಹಿಡಿದರೆ ಬೀದರ್–ಕಲಬುರಗಿ ಮೂರು ದಿನದ ದಾರಿ. ದಾರಿಯಲ್ಲಿ ಊರು, ಬಾವಿ, ಸಂತೆ, ರಾತ್ರಿ ತಂಗೋಕೆ ಜಾಗ. ಎರಡು ಕಡೆಯೂ ಮಹತ್ವದ ಊರುಗಳಿದ್ದಾಗ ನಡುವಿನ ದಾರಿಗೂ ಜೀವ ಇರ್ತದೆ.

ಭಾಗ 4

ಮುಂದೆ ಆಗಿದ್ದು ಏನಂದರೆ, ಎರಡೂ ಊರುಗಳು ರಾಜಧಾನಿ ಪಟ್ಟ ಕಳೆದುಕೊಂಡವು. 1591ರಲ್ಲಿ ಹೈದರಾಬಾದ್ ಹುಟ್ಟಿತು. ನಿಜಾಮರ ಕಾಲಕ್ಕೆ ಎಲ್ಲ ದಾರಿಗಳೂ ಅತ್ತ ತಿರುಗಿದವು.

ರೈಲು ಬಂದಾಗ ಇದು ಇನ್ನೂ ಸ್ಪಷ್ಟವಾಗಿ ಕಾಣಿಸ್ತದೆ. ಮುಂಬಯಿ–ಮದ್ರಾಸ್ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಕಲಬುರಗಿ ಆ ಹಳಿಯ ಮೇಲಿದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ಬಂತು. ಬೀದರಿಗೆ ರೈಲು ಬಂದದ್ದು 1930ರ ದಶಕದಲ್ಲಿ, ವಿಕಾರಾಬಾದ್ ಕಡೆಯಿಂದ. ಎರಡೂ ಜಿಲ್ಲಾ ಕೇಂದ್ರಗಳಲ್ಲಿ ರೈಲು ಇತ್ತು. ಒಂದರಿಂದ ಇನ್ನೊಂದಕ್ಕೆ ಮಾತ್ರ ಇರಲಿಲ್ಲ. ರೈಲಿನಲ್ಲೇ ಹೋಗ್ತೀನಿ ಅಂದವರು ಕಲಬುರಗಿಯಿಂದ ವಾಡಿ, ವಾಡಿಯಿಂದ ತಾಂಡೂರು ದಾಟಿ ವಿಕಾರಾಬಾದ್, ಅಲ್ಲಿಂದ ಮತ್ತೆ ಬೀದರ್ ಅಂತ ಇನ್ನೂರು ಕಿ.ಮೀ.ಗೂ ಹೆಚ್ಚು ಸುತ್ತಬೇಕಿತ್ತು. ನಿಮ್ಮ ಮನೆಯಲ್ಲಿ ಹಾಗೆ ಸುತ್ತಿ ಹೋದ ಹಿರಿಯರಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಅವರ ಟಿಕೆಟ್ಟೋ ಫೋಟೋವೋ ಇದ್ದರೆ ಇನ್ನೂ ಒಳ್ಳೆಯದು.

1956ರ ನವೆಂಬರ್ 1ಕ್ಕೆ ಎರಡೂ ಜಿಲ್ಲೆಗಳು ಹೈದರಾಬಾದ್ ರಾಜ್ಯ ಬಿಟ್ಟು ನಮ್ಮ ರಾಜ್ಯಕ್ಕೆ ಸೇರಿದವು. ಆಡಳಿತ ಬೆಂಗಳೂರಿಗೆ ಹೋಯಿತು, ಹಳಿ ಮಾತ್ರ ಹೈದರಾಬಾದ್ ಕಡೆಗೇ ಮುಖ ಮಾಡಿ ನಿಂತಿತ್ತು. ಬೀದರ್–ಕಲಬುರಗಿ ನೇರ ಹಳಿಗೆ 1990ರ ದಶಕದಲ್ಲಿ ಮಂಜೂರಾತಿ ಸಿಕ್ಕಿತು. ಸುಮಾರು 110 ಕಿ.ಮೀ. ಹಳಿ. ಪ್ರಸ್ಥಭೂಮಿಯ ಅಂಚು ಇಳಿಸೋಕೆ ಮರಗುತ್ತಿ ಹತ್ತಿರ ಒಂದೂವರೆ ಕಿ.ಮೀ.ಗೂ ಉದ್ದದ ಸುರಂಗ ಕೊರೆಯಬೇಕಾಯಿತು. ಪೂರ್ತಿ ಹಳಿ ಉದ್ಘಾಟನೆ ಆದದ್ದು 29 ಅಕ್ಟೋಬರ್ 2017. ಕಲಬುರಗಿಗೆ ಮೊದಲ ರೈಲು ಬಂದು ಹೆಚ್ಚುಕಡಿಮೆ ನೂರೈವತ್ತು ವರ್ಷದ ನಂತರ ಅದು ಪಕ್ಕದ ಬೀದರಿಗೆ ನೇರ ಹೋಯಿತು.

ನಮ್ಮ ಕಡೆ ಹೊಸ ವಾಹನ ಬಂದಾಗಲೆಲ್ಲ ಹೀಗೇ. ಮೊದಲು ದೂರದ ದೊಡ್ಡ ಊರಿಗೆ ದಾರಿ ಆಗ್ತದೆ. ಪಕ್ಕದ ಊರಿಗೆ ಆಮೇಲೆ, ಆದರೆ ಆಯಿತು. ವಿಮಾನದ ವಿಷಯದಲ್ಲೂ ಅದೇ ಕತೆ ನಡೆದಿದೆ.

ಭಾಗ 5

ಫೋಟೋ: ಬೀದರಿನ ಆಕಾಶದಲ್ಲಿ ಬಿಳಿ ಹೊಗೆಯ ಗೆರೆ.

ಬೀದರಿನವರಿಗೆ ವಿಮಾನ ಹೊಸದಲ್ಲ. ವಾಯುಪಡೆಯ ತರಬೇತಿ ಕೇಂದ್ರ ದಶಕಗಳಿಂದ ಅಲ್ಲಿದೆ. ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದು ಅಲ್ಲೇ. ಹಾಕ್ ತರಬೇತಿ ಜೆಟ್‌ಗಳು 2008ರಲ್ಲಿ ವಾಯುಪಡೆ ಸೇರಿದ್ದೂ ಅಲ್ಲೇ. ದಿನಾ ತಲೆ ಮೇಲೆ ಜೆಟ್ ಹಾರ್ತಿತ್ತು, ಕೆಳಗೆ ನಿಂತವರಿಗೆ ಹತ್ತೋಕೆ ಒಂದೂ ಇರಲಿಲ್ಲ.

ನಾಗರಿಕರಿಗೆ ಅಂತ ಟರ್ಮಿನಲ್ ಕಟ್ಟಿದ ಮೇಲೂ ಅದು ವರ್ಷಗಟ್ಟಲೆ ಖಾಲಿ ನಿಂತಿತು. ಅದಕ್ಕೆ ಒಂದು ದೊಡ್ಡ ಕಾರಣ ಹೈದರಾಬಾದ್. 2004ರ ಡಿಸೆಂಬರಿನಲ್ಲಿ ಶಂಷಾಬಾದ್ ನಿಲ್ದಾಣಕ್ಕಾಗಿ ಆದ ಒಪ್ಪಂದದಲ್ಲಿ ಒಂದು ಷರತ್ತಿತ್ತು. ಆ ನಿಲ್ದಾಣದ ಸುತ್ತ 150 ಕಿ.ಮೀ. ವಾಯುದೂರದೊಳಗೆ, 25 ವರ್ಷ, ಪೈಪೋಟಿಗೆ ಹೊಸ ನಿಲ್ದಾಣ ಬರಬಾರದು ಅಂತ. ಬಂಡವಾಳ ಹಾಕಿದವರು ಅದನ್ನು ಕೇಳೋದು ಸಹಜ ಅನ್ನಿ. ಆದರೆ ಕಾಗದದ ಮೇಲೆ ಕೈವಾರ ಇಟ್ಟು ಒಂದು ಸುತ್ತು ಎಳೆದಾಗ ಯಾರ್ಯಾರು ಒಳಗೆ ಬಿದ್ದರು ಅನ್ನೋದು ನಮಗೆ ಮುಖ್ಯ.

ನಾನು ಅದನ್ನೂ ಅಳೆದು ನೋಡಿದೆ. ಶಂಷಾಬಾದಿನಿಂದ ಬೀದರ್ ನಿಲ್ದಾಣಕ್ಕೆ ನೇರ ದೂರ ಸುಮಾರು 124 ಕಿ.ಮೀ. ಕಲಬುರಗಿ ನಿಲ್ದಾಣಕ್ಕೆ ಸುಮಾರು 156. ಒಂದು ಊರು ಸುತ್ತಿನ ಒಳಗೆ, ಇನ್ನೊಂದು ಬರೇ ಆರು ಕಿ.ಮೀ. ಅಂತರದಲ್ಲಿ ಹೊರಗೆ! ಬಹಮನಿಗಳ ಎರಡು ರಾಜಧಾನಿಗಳ ನಡುವೆ ಇಪ್ಪತ್ತೊಂದನೇ ಶತಮಾನದಲ್ಲಿ ಹೀಗೊಂದು ಗಡಿ ಹಾದುಹೋಯಿತು, ಯಾವ ಯುದ್ಧವೂ ಇಲ್ಲದೆ. ರಾಜ್ಯ ಬೇರೆಯಾಗಿ ಅರ್ಧ ಶತಮಾನವಾದ ಮೇಲೂ ನಮ್ಮ ಜಿಲ್ಲೆಯ ಆಕಾಶದ ಲೆಕ್ಕ ಹೈದರಾಬಾದಿನ ಕಾಗದದಲ್ಲೇ ಇತ್ತು.

ಸುತ್ತಿನ ಹೊರಗಿದ್ದ ಕಲಬುರಗಿಗೆ ಸಲೀಸಾಯಿತೇ ಅಂದರೆ ಅದೂ ಇಲ್ಲ. ಜೂನ್ 2008ರಲ್ಲಿ ಅಡಿಗಲ್ಲು, 22 ನವೆಂಬರ್ 2019ರಲ್ಲಿ ಉದ್ಘಾಟನೆ. ಹನ್ನೊಂದು ವರ್ಷ. ಖಾಸಗಿಯವರ ಸಹಭಾಗಿತ್ವದಲ್ಲಿ ಶುರುವಾಗಿ, ನಿಂತು, ಕೊನೆಗೆ ಸರ್ಕಾರವೇ ಮುಗಿಸಬೇಕಾಯಿತು. ರನ್‌ವೇ ಮಾತ್ರ ಭರ್ಜರಿ, ಮೂರು ಕಿ.ಮೀ.ಗೂ ಉದ್ದ. ಮೊದಲ ದಿನದ ವಿಮಾನ ಬೆಂಗಳೂರಿನದ್ದು.

ಬೀದರಿನ ಸರದಿ ಎರಡೂವರೆ ತಿಂಗಳ ನಂತರ, 7 ಫೆಬ್ರುವರಿ 2020. ಅದೂ ಬೆಂಗಳೂರಿಗೇ. ಮುಂದಿನ ತಿಂಗಳೇ ಲಾಕ್‌ಡೌನ್. ಆ ಕಂಪನಿಯ ಸೇವೆ ಮುಂದೆ ನಿಂತೇಹೋಯಿತು. 2022ರ ಜೂನ್‌ನಲ್ಲಿ ಇನ್ನೊಂದು ಕಂಪನಿ ಬಂತು, 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಬೀದರ್ ಮಂದಿ ವಿಮಾನದ ಸುದ್ದಿ ಕೇಳಿದರೆ ಈಗ ಮಳೆ ಸುದ್ದಿ ಕೇಳಿದ ಹಾಗೆ ಮಾತಾಡ್ತಾರೆ. "ಬಂದದಂತ?" "ಹೂಂ, ಬಂದದಂತ, ಎಷ್ಟು ದಿನ ಇರ್ತದೋ."

ಭಾಗ 6

ಹಾಗಾದರೆ ಇವತ್ತು ಬೀದರಿನಿಂದ ಕಲಬುರಗಿಗೆ ವಿಮಾನದಲ್ಲೇ ಹೋಗಬೇಕು ಅಂತ ಹಟ ಹಿಡಿದರೆ? ಮೊದಲು ಬೆಂಗಳೂರು, ನೇರ ಗೆರೆಯಲ್ಲಿ ಸುಮಾರು 520 ಕಿ.ಮೀ. ಅಲ್ಲಿಂದ ಹಿಂದಕ್ಕೆ ಕಲಬುರಗಿ, ಸುಮಾರು 460. ಎರಡೂ ಕಡೆ ಹೊಂದುವ ವಿಮಾನ ಸಿಕ್ಕರೆ ಮಾತ್ರ. ಒಟ್ಟು 980 ಕಿ.ಮೀ. ಪಕ್ಕದೂರಿಗೆ ಹೋಗೋಕೆ ಹನ್ನೊಂದು ಪಟ್ಟು ಸುತ್ತು. ವಾಡಿ–ವಿಕಾರಾಬಾದ್ ಸುತ್ತು ಇದರ ಮುಂದೆ ಎಷ್ಟೋ ವಾಸಿ.

ನೇರ ವಿಮಾನ ಯಾಕೆ ಬರಲಿಲ್ಲ ಅನ್ನೋದಕ್ಕೆ ಕಾರಣ ಕಷ್ಟದ್ದೇನಲ್ಲ. ವಿಮಾನಕ್ಕೆ ಹೆಚ್ಚು ಇಂಧನ ಬೇಕಾಗೋದು ಏರುವಾಗ. ಏರಿದ ಮೇಲೆ ದೂರ ಹಾರಿದರಷ್ಟೇ ಆ ಖರ್ಚು ಹಂಚಿಹೋಗ್ತದೆ. 2016ರಲ್ಲಿ ಬಂದ ಉಡಾನ್ ಯೋಜನೆ ಸಣ್ಣ ಊರುಗಳಿಗೆ ಅಂತಲೇ ಮಾಡಿದ್ದು. ಗಂಟೆಯ ಹಾರಾಟಕ್ಕೆ ₹2,500ರ ಮಿತಿ, ನಷ್ಟ ತುಂಬಿಕೊಡೋಕೆ ಮೂರು ವರ್ಷ ಸಹಾಯಧನ. ಅದರ ಮೂಲ ನಿಯಮದಲ್ಲೂ ದಾರಿ 200ರಿಂದ 800 ಕಿ.ಮೀ. ಇರಬೇಕಿತ್ತು. ಗುಡ್ಡಗಾಡು, ದ್ವೀಪ, ಗಡಿಯಂಥ ಕಡೆಗೆ ಮಾತ್ರ ಕೆಳಗಿನ ಮಿತಿ ಇರಲಿಲ್ಲ. ನಮ್ಮ 87 ಆ ಜರಡಿಯಲ್ಲಿ ಮೊದಲೇ ಉದುರಿಹೋಗ್ತದೆ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ದಿನನಿತ್ಯದ ವಿಮಾನ ಉಂಟು. ದೂರ 2.7 ಕಿ.ಮೀ., ವೇಳಾಪಟ್ಟಿಯಲ್ಲಿ ಎರಡು ನಿಮಿಷ, ಗಾಳಿ ಒಲಿದರೆ ಒಂದು ನಿಮಿಷಕ್ಕೂ ಕಡಿಮೆ. ಜಗತ್ತಿನಲ್ಲೇ ಅತಿ ಸಣ್ಣ ನಿಯಮಿತ ಹಾರಾಟ ಅಂತ ಅದಕ್ಕೆ ಹೆಸರು. ಶಾಲೆಯ ಮಾಸ್ತರು, ಡಾಕ್ಟರು ಅದರಲ್ಲಿ ಓಡಾಡ್ತಾರೆ. ನಡುವೆ ಸಮುದ್ರ ಇದೆ, ಅದಕ್ಕೇ ನಡೀತದೆ. ನಮ್ಮ ನಡುವೆ ಸಮುದ್ರ ಇಲ್ಲ. ಇರೋದು ತೊಗರಿ ಹೊಲ, ಒಂದು ಘಾಟು, ಹುಮನಾಬಾದಿನ ಸರ್ಕಲ್ಲು.

ಹಾಗಾಗಿ ವಿಮಾನ ಬೇಕು ಅಂತ ನಾನು ಕೂಗ್ತಾ ಇಲ್ಲ. ನನ್ನ ತಕರಾರು ಬೇರೆ. ಹೈಕೋರ್ಟ್ ಪೀಠ 2008ರಿಂದ ಕಲಬುರಗಿಯಲ್ಲಿದೆ, 2013ರಲ್ಲಿ ಕಾಯಂ ಆಯಿತು. ವಿಭಾಗದ ದೊಡ್ಡ ಕಚೇರಿ, ದೊಡ್ಡ ಆಸ್ಪತ್ರೆಗಳು ಅಲ್ಲಿವೆ. ಬೀದರ್ ಜಿಲ್ಲೆಯ ಮನುಷ್ಯನಿಗೆ ಬೆಂಗಳೂರಿಗಿಂತ ಕಲಬುರಗಿಯ ಕೆಲಸವೇ ಹೆಚ್ಚು. ಆ ದಾರಿಗೆ ಬೇಕಾಗಿರೋದು ಹೊತ್ತಿಗೆ ಸರಿಯಾದ ರೈಲು, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂತೆ ಹೊಂದುವ ಬಸ್ಸು. ಇದರ ಬಗ್ಗೆ ಉದ್ಘಾಟನೆಯ ಫೋಟೋ ಬರೋದಿಲ್ಲ, ಅದಕ್ಕೇ ಮಾತೂ ಕಡಿಮೆ. ಚಿಟಗುಪ್ಪ 2018ರಲ್ಲಿ ತಾಲ್ಲೂಕಾಯಿತು. ತಾಲ್ಲೂಕು ಕೇಂದ್ರದ ನಮಗೂ ಕಲಬುರಗಿ ಅಂದರೆ ಮೊದಲು ಹುಮನಾಬಾದಿಗೆ ಬಂದು ನಿಲ್ಲೋದೇ.

ಭಾಗ 7

ಕೊನೆ ಫೋಟೋ ಹುಮನಾಬಾದ್ ಬಸ್ ನಿಲ್ದಾಣದ್ದು. ಬೆಳಿಗ್ಗೆ ಆರೂವರೆ.

ಕಾಕಾನ ಜೊತೆ ನಾನೂ ಹೋದೆ. ಚಿಟಗುಪ್ಪದಿಂದ ಮೊದಲ ಬಸ್ಸು, ಹುಮನಾಬಾದಿನಲ್ಲಿ ಚಹಾ, ಅಲ್ಲಿಂದ ಕಲಬುರಗಿ ಬಸ್ಸು. ಕಿಟಕಿ ಪಕ್ಕ ಅವರಿಗೇ ಬಿಟ್ಟೆ. ನಿಕಿತಿನ್ ಕತೆ, ಅಹಮದ್ ಶಾ ಕತೆ, 150 ಕಿ.ಮೀ. ಸುತ್ತಿನ ಕತೆ ಎಲ್ಲ ದಾರಿಯುದ್ದಕ್ಕೂ ಹೇಳಿದೆ. ಮಣ್ಣು ಕೆಂಪಿನಿಂದ ಕಪ್ಪಾಗುವ ಕಡೆ ತೋರಿಸಿದೆ. "ಇದು ನನಗ ಗೊತ್ತಿಲ್ಲೇನು" ಅಂದರು. ಅವರಪ್ಪ, ಅಂದರೆ ನಮ್ಮ ಅಜ್ಜ, ಬಂಡಿ ಕಟ್ಟಿಕೊಂಡು ಕಲಬುರಗಿ ಶರಣಬಸವೇಶ್ವರ ಜಾತ್ರೆಗೆ ಹೋಗ್ತಿದ್ದರಂತೆ. ದಾರಿಯಲ್ಲಿ ಎರಡು ರಾತ್ರಿ ವಸ್ತಿ. ನಿಕಿತಿನ್ ಲೆಕ್ಕದ ಮೂರು ದಿನ ನಮ್ಮ ಮನೆಯಲ್ಲೇ ಇತ್ತು, ನಾನು ಕೇಳಿರಲಿಲ್ಲ ಅಷ್ಟೆ.

ಹತ್ತರ ಸುಮಾರಿಗೆ ಇಳಿದೆವು. ಸಹಿ ಹಾಕಿದ್ದು ಐದು ನಿಮಿಷದ ಕೆಲಸ. ಸಂಜೆ ವಾಪಸು ಬರುವಾಗ ಹುಮನಾಬಾದಿನಲ್ಲಿ ಚಿಟಗುಪ್ಪ ಬಸ್ಸಿಗೆ ಕಾಯ್ತಾ ಕೂತಿದ್ದೆವು. ಕಾಕಾ ಫೋನ್ ತೆಗೆದು ಆ ಸ್ಕ್ರೀನ್‌ಶಾಟ್ ಮತ್ತೊಮ್ಮೆ ನೋಡಿದರು. ಗಡಿಯಾರ ನೋಡಿದರು.

"ತಮ್ಮಾ, ಇಲ್ಲಿ ಕೂತೇ ನಲ್ವತ್ತು ನಿಮಿಷ ಆತು" ಅಂದರು.

#ಬೀದರ್ #ಕಲಬುರಗಿ #ಚಿಟಗುಪ್ಪ #ಹುಮನಾಬಾದ್ #ಕಲ್ಯಾಣಕರ್ನಾಟಕ #ನಮ್ಮೂರಇತಿಹಾಸ